ಡಿಪ್ಲೊಮಾ ಮುಗಿಸಿ ಸೀದಾ ಎರಡನೇ ವರ್ಷಕ್ಕೆ: ಬಳ್ಳಾರಿಯ ಒಂದು ಮನೆಯ ಲೆಕ್ಕ

ಸೆಕೆಂಡ್ ಪಿಯುಸಿಯಲ್ಲಿ ಅಂಕ ಕಮ್ಮಿ ಬಂದ ಮಕ್ಕಳಿಗೆ ಆಸ್ಟ್ರೇಲಿಯಾದ ಡಿಪ್ಲೊಮಾ ದಾರಿ ಒಳ್ಳೆಯ ದಾರಿಯೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ಮುಂದೆ ಓದುತ್ತಾ ಹೋದಂತೆ ನಾನು ಆ ದಾರಿಗೇ ವಿರೋಧ ಅಂತ ಅನ್ನಿಸಬಹುದು. ಹಾಗೇನಿಲ್ಲ. ಆದರೆ ‘ಡಿಪ್ಲೊಮಾ ಆಫ್ ಬಿಸಿನೆಸ್’ ಅನ್ನೋ ಒಂದೇ ಹೆಸರಿನಲ್ಲಿ ಅಲ್ಲಿ ಎರಡು ಬೇರೆ ಬೇರೆ ಓದು ಇವೆ. ಒಂದು ಯೂನಿವರ್ಸಿಟಿಯ ಎರಡನೇ ವರ್ಷಕ್ಕೆ ತಲುಪಿಸುತ್ತದೆ, ಅದು ಆಫರ್ ಲೆಟರ್‌ನಲ್ಲೇ ಬರೆದಿರುತ್ತದೆ. ಇನ್ನೊಂದು ಎಲ್ಲಿಗೆ ತಲುಪಿಸುತ್ತದೆ ಅನ್ನೋದು ಏಜೆಂಟರ ಬಾಯಲ್ಲಿ ಮಾತ್ರ ಇರುತ್ತದೆ. ಬಳ್ಳಾರಿಯ ಒಂದು ಮನೆಯವರು ಎರಡನೆಯದಕ್ಕೆ ದುಡ್ಡು ಕಟ್ಟುವ ಹಂತಕ್ಕೆ ಬಂದು ನಿಂತಿದ್ದರು. ಅವರ ಒಪ್ಪಿಗೆ ತಗೊಂಡು, ಹೆಸರು ಬಿಟ್ಟು, ಇಡೀ ಪ್ರಕರಣವನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಪಿಯು ಕಾಲೇಜಿನಲ್ಲಿ ಅಕೌಂಟೆನ್ಸಿ ಹೇಳುವವಳು. ಹುಡುಗ ನನ್ನ ವಿದ್ಯಾರ್ಥಿ.

ಹುಡುಗ ಮತ್ತು ಮನೆ

ಅಪ್ಪನದು ಕೌಲ್ ಬಜಾರ್ ಕಡೆ ಜೀನ್ಸ್ ಹೊಲಿಗೆ ಯೂನಿಟ್. ಬಳ್ಳಾರಿ ಜೀನ್ಸ್ ಕೆಲಸ ಗೊತ್ತಿದ್ದವರಿಗೆ ಅದರ ಅಂದಾಜು ಸಿಗುತ್ತದೆ. ಕಟಿಂಗ್ ಒಂದು ಕಡೆ, ಹೊಲಿಗೆ ಇನ್ನೊಂದು ಕಡೆ, ವಾಷಿಂಗ್ ಮತ್ತೊಂದು ಕಡೆ. ಇವರು ಜಾಬ್ ವರ್ಕ್ ಮೇಲೆ ಹೊಲಿದು ಕೊಡುತ್ತಾರೆ, ಲೇಬಲ್ ಬೇರೆಯವರದು. ಸೀಸನ್ನಿನಲ್ಲಿ ಕೈತುಂಬ ಕೆಲಸ, ಉಳಿದ ಕಾಲ ಸಂಬಳ ಕೊಡುವುದೇ ಕಷ್ಟ. ಊರ ಹೊರಗೆ ಒಂದು ಸೈಟು ಇದೆ. ಸಾಲ ಅಷ್ಟೇನೂ ಇಲ್ಲ. ‘ನಮ್ಮ ಲೇಬಲ್ಲೇ ಯಾಕ ಮಾಡಬಾರ್ದು’ ಅನ್ನೋ ಆಸೆ ಅಪ್ಪನಿಗೆ ಬಹಳ ದಿನದಿಂದ ಇತ್ತು. ಅದಕ್ಕೇ ಮಗ ಬಿಸಿನೆಸ್ ಓದಲಿ ಅಂತ.

ಹುಡುಗ ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಪಿಯುಸಿಯಲ್ಲಿ ಕಾಮರ್ಸ್, ಅದರಲ್ಲಿ ಸಿಇಬಿಎ (ಕಂಪ್ಯೂಟರ್, ಎಕನಾಮಿಕ್ಸ್, ಬಿಸಿನೆಸ್ ಸ್ಟಡೀಸ್, ಅಕೌಂಟೆನ್ಸಿ) ತಗೊಂಡ. ಲೆಕ್ಕ ಚುರುಕು. ಪಾರ್ಟ್ನರ್‌ಶಿಪ್ ಲೆಕ್ಕದಲ್ಲಿ ರಿವ್ಯಾಲ್ಯುಯೇಶನ್ ಅಕೌಂಟ್ ಹಾಕೋದ್ರಲ್ಲಿ ಕ್ಲಾಸಿಗೇ ಮೊದಲು ಮುಗಿಸುತ್ತಿದ್ದ. ಬಿಸಿನೆಸ್ ಸ್ಟಡೀಸ್ ಪೇಪರಿನಲ್ಲಿ ಇಂಗ್ಲಿಷಿನಲ್ಲಿ ಎರಡು ಪುಟ ಬರಿ ಅಂದ್ರೆ ಮಾತ್ರ ಕೈ ನಡುಗುತ್ತಿತ್ತು. 2024ರ ಏಪ್ರಿಲ್ 10ಕ್ಕೆ ಪರೀಕ್ಷೆ-1ರ ಫಲಿತಾಂಶ ಬಂತು. ಒಟ್ಟು 61 ಪರ್ಸೆಂಟ್. ನನಗೆ ಬೇಜಾರಾಗಿದ್ದು ಅಕೌಂಟೆನ್ಸಿಯಲ್ಲಿ 54 ಬಂದಿದ್ದು. ಅವನ ಕೈಗೆ ಅದು ಸಲ್ಲದ ಅಂಕ.

ಅದೇ ವಾರ ಬಳ್ಳಾರಿಯ ಒಂದು ಹೋಟೆಲಿನಲ್ಲಿ ‘ಸ್ಪಾಟ್ ಆಫರ್’ ಕ್ಯಾಂಪ್ ಇತ್ತು. ಬೆಂಗಳೂರಿನಿಂದ ಬಂದ ಕನ್ಸಲ್ಟೆನ್ಸಿಯವರು. ಅಂಕಪಟ್ಟಿ ನೋಡಿ ಅಲ್ಲೇ ಹೇಳಿದರಂತೆ: ಒಂದು ವರ್ಷ ಡಿಪ್ಲೊಮಾ, ಆಮೇಲೆ ಸೀದಾ ಯೂನಿವರ್ಸಿಟಿಯ ಎರಡನೇ ವರ್ಷ, ಒಟ್ಟು ಮೂರು ವರ್ಷಕ್ಕೆ ಡಿಗ್ರಿ ಕೈಯಲ್ಲಿ, ಫೀಸು ಅಲ್ಲೇ ದುಡಿದು ಕಟ್ಟಬಹುದು. ಅವತ್ತೇ 50,000 ರೂಪಾಯಿ ಅಡ್ವಾನ್ಸ್ ಹೋಯಿತು. ಸ್ವಲ್ಪ ದಿನಕ್ಕೆ ಆಫರ್ ಲೆಟರ್ ಬಂತು. ಹುಡುಗ ಅದನ್ನು ತಗೊಂಡು ಬಂದದ್ದು ನನಗೆ ತೋರಿಸಿ ಖುಷಿಪಡೋಕೆ.

ಲೆಟರಿನಲ್ಲಿ ಏನಿತ್ತು, ಏನಿರಲಿಲ್ಲ

ಕಾಗದ ನೋಡೋಕೆ ಚೆನ್ನಾಗಿತ್ತು. ಮೇಲೆ ಕಾಲೇಜಿನ ಲೋಗೋ, ಪಕ್ಕದಲ್ಲಿ ಹುಡುಗನ ಹೆಸರು, ಪಾಸ್‌ಪೋರ್ಟ್ ನಂಬರು. ನಡುವೆ ಒಂದು ಟೇಬಲ್ಲು. ಅದರ ಮೊದಲ ಸಾಲು: ಬಿಎಸ್‌ಬಿ 50120, ಡಿಪ್ಲೊಮಾ ಆಫ್ ಬಿಸಿನೆಸ್, 52 ವಾರ, 12,000 ಡಾಲರ್. ಎರಡನೇ ಸಾಲು: ಬಿಎಸ್‌ಬಿ 60420, ಅಡ್ವಾನ್ಸ್ಡ್ ಡಿಪ್ಲೊಮಾ ಆಫ್ ಲೀಡರ್‌ಶಿಪ್ ಅಂಡ್ ಮ್ಯಾನೇಜ್‌ಮೆಂಟ್, 52 ವಾರ, 14,000 ಡಾಲರ್. ಮೂರನೇ ಸಾಲು ಇರಲೇ ಇಲ್ಲ. ಯಾವ ಯೂನಿವರ್ಸಿಟಿಯ ಹೆಸರೂ ಆ ಕಾಗದದಲ್ಲಿ ಇರಲಿಲ್ಲ. ಜೊತೆಗೆ ಕೊಟ್ಟ ಬಣ್ಣದ ಬ್ರೋಷರಿನಲ್ಲಿ ಮಾತ್ರ ಹಲವು ಯೂನಿವರ್ಸಿಟಿಗಳ ಲೋಗೋ ಸಾಲಾಗಿ ಇದ್ದವು, ಕೆಳಗೆ ‘ಪಾಥ್‌ವೇ’ ಅಂತ ಒಂದು ಪದ.

ಇಡೀ ಪ್ರಕರಣ ನಿಂತಿರೋದು ಆ ‘ಬಿಎಸ್‌ಬಿ’ ಅನ್ನೋ ಮೂರು ಅಕ್ಷರದ ಮೇಲೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಆಸ್ಟ್ರೇಲಿಯಾದಲ್ಲಿ ಎಲ್ಲ ಓದಿಗೂ 1ರಿಂದ 10ರವರೆಗೆ ಮಟ್ಟ ಇದೆ. ಡಿಪ್ಲೊಮಾ 5ನೇ ಮಟ್ಟ, ಅಡ್ವಾನ್ಸ್ಡ್ ಡಿಪ್ಲೊಮಾ 6, ಬ್ಯಾಚುಲರ್ ಡಿಗ್ರಿ 7. ಮಟ್ಟ ಒಂದೇ ಆದರೂ ಡಿಪ್ಲೊಮಾ ಎರಡು ಬಗೆ. ಬಿಎಸ್‌ಬಿ ಅಂತ ಶುರುವಾಗುವ ಕೋಡು ವೊಕೇಶನಲ್ ಕೋರ್ಸಿನದು, ಅಂದ್ರೆ ಕೆಲಸಕ್ಕೆ ತಯಾರು ಮಾಡುವ ಓದು. ದೇಶದ ಯಾವ ಮೂಲೆಯಲ್ಲಿ ಯಾವ ಕಾಲೇಜು ನಡೆಸಿದರೂ ಕೋಡು ಅದೇ. ಡಿಪ್ಲೊಮಾ ಆಫ್ ಬಿಸಿನೆಸ್‌ನಲ್ಲಿ 12 ಯೂನಿಟ್ ಇರುತ್ತವೆ. ಅಂಕ ಕೊಡುವುದಿಲ್ಲ, ‘ಕಾಂಪಿಟೆಂಟ್’ ಅಥವಾ ‘ನಾಟ್ ಯೆಟ್ ಕಾಂಪಿಟೆಂಟ್’ ಅಂತ ಬರೆಯುತ್ತಾರೆ. ಇದರ ಮೇಲೆ ಕಣ್ಣಿಡುವ ಸಂಸ್ಥೆ ಆಸ್ಕ್ವಾ.

ಇನ್ನೊಂದು ಬಗೆ ಯೂನಿವರ್ಸಿಟಿಯ ಜೊತೆಗೇ ಇರುವ ಕಾಲೇಜುಗಳದು. ಮೊನಾಶ್ ಕಾಲೇಜು, ಡೀಕಿನ್ ಕಾಲೇಜು, ಕರ್ಟಿನ್ ಕಾಲೇಜು ಇಂಥವು. ಇಲ್ಲಿಯ ಡಿಪ್ಲೊಮಾ ಅಂದ್ರೆ ಡಿಗ್ರಿಯ ಮೊದಲ ವರ್ಷವನ್ನೇ ಸಣ್ಣ ಕ್ಲಾಸಿನಲ್ಲಿ, ಜಾಸ್ತಿ ಹೊತ್ತು ಹೇಳಿಕೊಡುವುದು. ಮೂರು ವರ್ಷದ ಡಿಗ್ರಿಗೆ ಸಾಮಾನ್ಯವಾಗಿ 24 ಸಬ್ಜೆಕ್ಟ್. ಅದರಲ್ಲಿ 8 ಇಲ್ಲಿ ಮುಗಿಯುತ್ತವೆ, ಉಳಿದ 16 ಯೂನಿವರ್ಸಿಟಿಯಲ್ಲಿ. ಅಂಕ ಇರುತ್ತದೆ, ಇಂತಿಷ್ಟು ಸರಾಸರಿ ಬಂದರೆ ಎರಡನೇ ವರ್ಷಕ್ಕೆ ಸೀಟು ಅಂತ ಮೊದಲೇ ಬರೆದು ಕೊಡುತ್ತಾರೆ. ಇದು ಟೆಕ್ಸಾ ಅನ್ನೋ ಸಂಸ್ಥೆಯ ಕೆಳಗೆ ಬರುತ್ತದೆ, ಯೂನಿವರ್ಸಿಟಿಗಳನ್ನು ನೋಡುವ ಸಂಸ್ಥೆಯೂ ಅದೇ.

ವೊಕೇಶನಲ್ ಡಿಪ್ಲೊಮಾ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅಲ್ಲಿಯ ಸರ್ಕಾರಿ ಟೇಫ್ ಕಾಲೇಜುಗಳಲ್ಲಿ ಓದಿ, ಯೂನಿವರ್ಸಿಟಿಯ ಜೊತೆಗಿನ ಒಪ್ಪಂದದ ಮೇಲೆ ಡಿಗ್ರಿಗೆ ಹೋಗುವವರು ಇದ್ದಾರೆ. ಆದರೆ ಆ ಒಪ್ಪಂದ ಇಂಥ ಕಾಲೇಜು, ಇಂಥ ಯೂನಿವರ್ಸಿಟಿ, ಇಂಥ ಡಿಗ್ರಿ, ಇಷ್ಟು ಸಬ್ಜೆಕ್ಟ್ ಮಾಫಿ (ಅಂದ್ರೆ ಮತ್ತೆ ಓದಬೇಕಿಲ್ಲ) ಅಂತ ಹೆಸರು ಹಿಡಿದು ಇರಬೇಕು. ನಮ್ಮ ಹುಡುಗನ ಕಾಗದದಲ್ಲಿ ಅದು ಇರಲಿಲ್ಲ. ಕನ್ಸಲ್ಟೆನ್ಸಿಗೆ ಇಮೇಲ್ ಮಾಡಿ, ಒಪ್ಪಂದದ ಪ್ರತಿ ಕಳಿಸಿ ಅಂತ ಹುಡುಗನ ಕೈಯಲ್ಲೇ ಕೇಳಿಸಿದೆ. ಬಂದದ್ದು ಫೋನು. ‘ಎಲ್ಲಾ ಆಗುತ್ತೆ, ನಮ್ಮ ಹುಡುಗರು ಬಹಳ ಜನ ಹೋಗಿದ್ದಾರೆ’ ಅಂದರು. ಬರವಣಿಗೆಯಲ್ಲಿ ಒಂದು ಸಾಲೂ ಬರಲಿಲ್ಲ.

ಅಪ್ಪನಿಗೆ ಇದನ್ನು ಹೇಗೆ ಹೇಳೋದು ಅಂತ ನಾನು ಯೋಚಿಸುತ್ತಿದ್ದೆ. ಹೇಳಿ ಮುಗಿಸುವ ಮೊದಲೇ ಅವರೇ ಅಂದರು: “ಬಟ್ಟೆ ಬ್ಯಾರೆ, ಲೇಬಲ್ ಒಂದಾ. ಇದನ್ನ ನಾವ್ ದಿನಾ ನೋಡ್ತೀವಲ್ಲ ಮೇಡಂ.”

ನಾಲ್ಕು ದಾರಿ, ನಾಲ್ಕು ಮೊತ್ತ

ಅಪ್ಪನ ಇನ್ನೊಂದು ಮಾತು ಇತ್ತು, ಅದು ನ್ಯಾಯವಾದ ಮಾತೇ. “ಆದ್ರೂ ಇದು ಅಗ್ಗ ಐತಲ್ಲ ಮೇಡಂ. ಯೂನಿವರ್ಸಿಟಿ ಕಾಲೇಜಿಗೆ ಮೂರು ಪಟ್ಟು ಕೇಳ್ತಾರ.” 12,000 ಡಾಲರ್ ಎಲ್ಲಿ, 36,000 ಡಾಲರ್ ಎಲ್ಲಿ. ಹಾಗಾಗಿ ಒಂದು ಉದ್ದ ಹಾಳೆ ತಗೊಂಡು ಕೂತೆವು. ಹುಡುಗನೇ ಬರೆದ. ಒಂದು ಆಸ್ಟ್ರೇಲಿಯನ್ ಡಾಲರಿಗೆ 55 ರೂಪಾಯಿ ಅಂತ ಹಿಡಿದೆವು.

ಇರುವ ಖರ್ಚಿಗೆ ನಾವು ಊಹೆ ಮಾಡಲಿಲ್ಲ. ವೀಸಾಕ್ಕೆ ಅರ್ಜಿ ಹಾಕುವವರು ಒಂದು ವರ್ಷದ ಖರ್ಚಿಗೆ ಇಷ್ಟು ದುಡ್ಡು ಇದೆ ಅಂತ ತೋರಿಸಬೇಕು ಅನ್ನೋ ಸರ್ಕಾರದ ಮೊತ್ತವನ್ನೇ ಹಿಡಿದೆವು. ಕನ್ಸಲ್ಟೆನ್ಸಿ ಕೊಟ್ಟ ಹಾಳೆಯಲ್ಲಿ ಅದು 24,505 ಡಾಲರ್ ಅಂತ ಇತ್ತು. 2024ರ ಮೇ 10ರಿಂದ ಅದು 29,710 ಆಗಿತ್ತು. ರೂಪಾಯಿಯಲ್ಲಿ 16 ಲಕ್ಷ 34 ಸಾವಿರ, ಬರೀ ಊಟ, ಬಾಡಿಗೆ, ಓಡಾಟಕ್ಕೆ.

ಮೊದಲು ಯೂನಿವರ್ಸಿಟಿ ಕಾಲೇಜಿನ ದಾರಿ. ಒಂದು ಕಾಲೇಜಿನ ಅವತ್ತಿನ ಫೀಸು ನೋಡಿ, ಡಿಪ್ಲೊಮಾಕ್ಕೆ 36,000, ಆಮೇಲಿನ ಎರಡು ವರ್ಷಕ್ಕೆ ವರ್ಷಕ್ಕೆ 42,000 ಅಂತ ಹಾಕಿದೆವು. ಫೀಸು 1,20,000 ಡಾಲರ್. ಮೂರು ವರ್ಷದ ಖರ್ಚು 89,130. ಎರಡೂ ಸೇರಿ 2,09,130 ಡಾಲರ್, ಅಂದ್ರೆ ಹತ್ತಿರ ಹತ್ತಿರ 1 ಕೋಟಿ 15 ಲಕ್ಷ.

ಆಮೇಲೆ ಏಜೆಂಟರ ದಾರಿ. ಲೆಟರಿನಲ್ಲಿ ಇರೋದು ಎರಡು ವರ್ಷದ ಓದು, 26,000 ಡಾಲರ್. ಅದಾದ ಮೇಲೆ ಯಾವುದೋ ಯೂನಿವರ್ಸಿಟಿ ದೊಡ್ಡ ಮನಸ್ಸು ಮಾಡಿ ಪೂರ್ತಿ ಒಂದು ವರ್ಷ ಮಾಫಿ ಮಾಡಿತು ಅಂತಲೇ ಇಟ್ಟುಕೊಳ್ಳೋಣ. ಆಗಲೂ ಡಿಗ್ರಿ ಎರಡು ವರ್ಷ ಬೇಕು, 84,000. ಒಟ್ಟು ನಾಲ್ಕು ವರ್ಷ ಅಲ್ಲಿ ಇರಬೇಕು, ಖರ್ಚು 1,18,840. ಎಲ್ಲ ಕೂಡಿದರೆ 2,28,840 ಡಾಲರ್. 1 ಕೋಟಿ 25 ಲಕ್ಷ 86 ಸಾವಿರ. ಅಗ್ಗದ ದಾರಿ ಹತ್ತು ಲಕ್ಷ ತುಟ್ಟಿ ಆಯಿತು, ಒಂದು ವರ್ಷವೂ ಹೆಚ್ಚಾಯಿತು.

ಯೂನಿವರ್ಸಿಟಿ ಏನೂ ಮಾಫಿ ಮಾಡದಿದ್ದರೆ? ಎರಡು ವರ್ಷ ವೊಕೇಶನಲ್, ಮೂರು ವರ್ಷ ಡಿಗ್ರಿ. ಫೀಸು 1,52,000, ಖರ್ಚು 1,48,550. ಒಟ್ಟು 1 ಕೋಟಿ 65 ಲಕ್ಷ. ಹುಡುಗ ಆ ಮೊತ್ತದ ಕೆಳಗೆ ಎರಡು ಗೆರೆ ಎಳೆದ. ಅಪ್ಪ ಹಾಳೆಯನ್ನು ತಮ್ಮ ಕಡೆ ತಿರುಗಿಸಿಕೊಂಡು ಮತ್ತೆ ಮೊದಲಿಂದ ಕೂಡಿದರು.

ನಾಲ್ಕನೆಯದನ್ನು ಹುಡುಗನೇ ಕೇಳಿದ. ಬಿಕಾಂ ಇಲ್ಲೇ ಮಾಡಿ, ಮಾಸ್ಟರ್ಸ್‌ಗೆ ಅಲ್ಲಿಗೆ ಹೋದರೆ? ಎರಡು ವರ್ಷ, ವರ್ಷಕ್ಕೆ 45,000 ಫೀಸು ಅಂತ ಹಿಡಿದರೂ, ಖರ್ಚು ಸೇರಿ 1,49,420 ಡಾಲರ್. 82 ಲಕ್ಷ. ಇಲ್ಲಿಯ ಬಿಕಾಂ ಖರ್ಚು ಇದರ ಮುಂದೆ ಲೆಕ್ಕಕ್ಕೇ ಬರಲ್ಲ. ಕೈಗೆ ಸಿಗೋದು ಒಂದರ ಬದಲು ಎರಡು ಡಿಗ್ರಿ. ಹೋಗುವಾಗ ವಯಸ್ಸು 18ರ ಬದಲು 21.

ವೀಸಾ ಶುಲ್ಕ, ಕಡ್ಡಾಯ ಆರೋಗ್ಯ ವಿಮೆ, ವಿಮಾನ ಇವನ್ನೆಲ್ಲ ಬದಿಗಿಟ್ಟೆವು, ನಾಲ್ಕು ದಾರಿಗೂ ಅವು ಇದ್ದದ್ದೇ. ಆದರೆ ವೀಸಾ ಶುಲ್ಕದ ವಿಷಯ ಹೇಳಬೇಕು. ನಾವು ಲೆಕ್ಕ ಹಾಕಿದಾಗ ಅದು 710 ಡಾಲರ್ ಇತ್ತು. ಅದೇ ವರ್ಷ ಜುಲೈ 1ಕ್ಕೆ 1,600 ಆಯಿತು. 2025ರ ಜುಲೈ 1ಕ್ಕೆ 2,000. ವೀಸಾ ಸಿಗದಿದ್ದರೂ ಈ ದುಡ್ಡು ವಾಪಸ್ ಬರಲ್ಲ.

ದುಡಿದು ಕಟ್ಟಬಹುದಾ?

ಮನೆಯವರ ಧೈರ್ಯ ಇದ್ದದ್ದೇ ಈ ಮಾತಿನ ಮೇಲೆ. ಹಾಗಾಗಿ ಇದನ್ನೂ ಹಾಳೆಗೆ ಇಳಿಸಿದೆವು. 2023ರ ಜುಲೈಯಿಂದ ಸ್ಟೂಡೆಂಟ್ ವೀಸಾದವರು ಕ್ಲಾಸು ನಡೆಯುವ ಕಾಲದಲ್ಲಿ ಎರಡು ವಾರಕ್ಕೆ 48 ಗಂಟೆ ಮಾತ್ರ ಕೆಲಸ ಮಾಡಬಹುದು. ಅಂದ್ರೆ ವಾರಕ್ಕೆ 24 ಗಂಟೆ. 2024ರ ಜುಲೈಯಿಂದ ಒಂದು ವರ್ಷದ ಕನಿಷ್ಠ ಕೂಲಿ ಗಂಟೆಗೆ 24.10 ಡಾಲರ್ ಆಗಿತ್ತು. ಪೂರ್ತಿ ಗಂಟೆ ಸಿಕ್ಕರೆ ವಾರಕ್ಕೆ 578. ಇತ್ತ 29,710ನ್ನು 52 ವಾರಕ್ಕೆ ಹಂಚಿದರೆ ವಾರಕ್ಕೆ 571. ಎಲ್ಲ ವಾರವೂ ಕೆಲಸ ಸಿಕ್ಕರೆ ಊಟ-ಬಾಡಿಗೆಗೆ ಸರಿಹೋಗುತ್ತದೆ, ಫೀಸಿಗೆ ಉಳಿಯೋದು ಅಷ್ಟಕ್ಕಷ್ಟೇ. 21 ತುಂಬದವರಿಗೆ ಅನೇಕ ಕೆಲಸಗಳಲ್ಲಿ ಕೂಲಿ ಇನ್ನೂ ಕಮ್ಮಿ ಇರುತ್ತದೆ. ನಮ್ಮ ಹುಡುಗನಿಗೆ 18.

ಇಂಗ್ಲಿಷಿನಲ್ಲಿ ಎರಡು ಪುಟ ಬರೆಯೋಕೆ ಒದ್ದಾಡುವ ಹುಡುಗ, ಮೊದಲ ವರ್ಷ ಎಂಟು ಸಬ್ಜೆಕ್ಟಿನ ಅಸೈನ್‌ಮೆಂಟ್ ಬರೆಯುತ್ತಾ, ವಾರಕ್ಕೆ 24 ಗಂಟೆ ದುಡಿಯುತ್ತಾ, ಸರಾಸರಿಯನ್ನೂ ಉಳಿಸಿಕೊಳ್ಳಬೇಕು. ಒಂದು ಸಬ್ಜೆಕ್ಟು ಹೋದರೆ ಮತ್ತೆ ಫೀಸು ಕಟ್ಟಿ ಮತ್ತೆ ಓದಬೇಕು. ಸರಾಸರಿ ಬರದಿದ್ದರೆ ಎರಡನೇ ವರ್ಷದ ಸೀಟು ಇಲ್ಲ. ಯೂನಿವರ್ಸಿಟಿ ಕಾಲೇಜಿನ ಒಳ್ಳೆಯ ಡಿಪ್ಲೊಮಾಗೂ ಈ ಮಾತು ಸಲ್ಲುತ್ತದೆ. ಆ ದಾರಿ ಗಟ್ಟಿ ಅಂದ್ರೆ ನಡೆಯೋದು ಸುಲಭ ಅಂತ ಅಲ್ಲ.

ಬಿಸಿನೆಸ್ಸೋ ಕಾಮರ್ಸೋ

ನಾವು ಫೀಸು ನೋಡಿದ ಯೂನಿವರ್ಸಿಟಿ ಕಾಲೇಜಿನ ಪಟ್ಟಿಯಲ್ಲಿ ಒಂದೇ ಡಿಪ್ಲೊಮಾದಿಂದ ಎರಡು ಡಿಗ್ರಿಗೆ ಬಾಗಿಲು ಇತ್ತು, ಬಿಸಿನೆಸ್ಸಿಗೆ ಮತ್ತು ಕಾಮರ್ಸಿಗೆ. ಬೇಕಾದ ಸರಾಸರಿ ಬೇರೆ ಬೇರೆ, ಕಾಮರ್ಸಿಗೆ ಜಾಸ್ತಿ. ಅಲ್ಲಿ ಬಿಸಿನೆಸ್ ಡಿಗ್ರಿ ಅಂದ್ರೆ ಮಾರ್ಕೆಟಿಂಗ್, ಎಚ್‌ಆರ್, ಮ್ಯಾನೇಜ್‌ಮೆಂಟ್ ಕಡೆ ವಾಲಿರುತ್ತದೆ. ಕಾಮರ್ಸ್ ಅಂದ್ರೆ ಅಕೌಂಟಿಂಗ್, ಫೈನಾನ್ಸ್, ಎಕನಾಮಿಕ್ಸ್. ಇವನ ಕೈ ಲೆಕ್ಕದ ಕಡೆ, ಅಪ್ಪನ ಆಸೆ ಲೇಬಲ್ಲಿನ ಕಡೆ. ಈ ಚರ್ಚೆ ಮನೆಯಲ್ಲಿ ಇನ್ನೂ ಮುಗಿದಿಲ್ಲ, ಮುಗಿಸುವ ಆತುರವೂ ಇಲ್ಲ.

ವೀಸಾ ಫಾರಂನ ಉತ್ತರಗಳು

ಒಂದು ವಿಷಯ ನನಗೆ ನಿಜವಾಗಿ ಸಿಟ್ಟು ತರಿಸಿತು. 2024ರ ಮಾರ್ಚ್ 23ರಿಂದ ಆಸ್ಟ್ರೇಲಿಯಾದವರು ಹಳೆಯ ಪದ್ಧತಿ ಬಿಟ್ಟು ‘ಜೆನ್ಯುಯಿನ್ ಸ್ಟೂಡೆಂಟ್’ ಅನ್ನೋ ಹೊಸ ಪದ್ಧತಿ ತಂದಿದ್ದಾರೆ. ಅರ್ಜಿಯಲ್ಲೇ ಪ್ರಶ್ನೆಗಳು ಇರುತ್ತವೆ: ಈ ಕೋರ್ಸು ಯಾಕೆ, ಇದೇ ಕಾಲೇಜು ಯಾಕೆ, ಮುಂದೆ ಇದರಿಂದ ಏನು ಪ್ರಯೋಜನ. ಒಂದೊಂದಕ್ಕೂ 150 ಪದದೊಳಗೆ ಉತ್ತರ. ಕನ್ಸಲ್ಟೆನ್ಸಿಯವರು ಇವನ್ನೆಲ್ಲ ಮೊದಲೇ ಬರೆದು ಇಟ್ಟಿದ್ದರು. ಅದರ ಪ್ರಕಾರ ಹುಡುಗ ಓದು ಮುಗಿಸಿ ಬಂದು ಬೆಂಗಳೂರಿನ ದೊಡ್ಡ ಕಂಪನಿಯಲ್ಲಿ ಎಚ್‌ಆರ್ ಮ್ಯಾನೇಜರ್ ಆಗುತ್ತಾನಂತೆ. ಅವನು ಆ ಮಾತು ಯಾವತ್ತೂ ಆಡಿದವನಲ್ಲ. ಜೀನ್ಸ್ ಯೂನಿಟ್ಟಿನ ಒಂದು ಅಕ್ಷರ ಅದರಲ್ಲಿ ಇರಲಿಲ್ಲ. ಮಷೀನ್ ಸದ್ದಿನ ನಡುವೆ ಬೆಳೆದ, ಒಂದು ಪ್ಯಾಂಟಿಗೆ ದಾರ, ಜಿಪ್ಪು, ಗುಂಡಿ, ಕೂಲಿ ಸೇರಿ ಎಷ್ಟು ಬೀಳುತ್ತದೆ ಅಂತ ಬಾಯಲ್ಲೇ ಹೇಳಬಲ್ಲ ಹುಡುಗ. ಬಿಸಿನೆಸ್ ಓದೋಕೆ ಇದಕ್ಕಿಂತ ಗಟ್ಟಿ ಕಾರಣ ಬೇಕಾ? ಅದನ್ನೇ ಅಳಿಸಿ ಹಾಕಿದ್ದರು. ಆ ಕಾಲದಲ್ಲಿ ನಮ್ಮ ದೇಶದಿಂದ ಹೋಗುವ ವೊಕೇಶನಲ್ ಕೋರ್ಸಿನ ವೀಸಾ ಅರ್ಜಿಗಳು ಬಹಳ ತಿರಸ್ಕಾರ ಆಗುತ್ತಿದ್ದವು. ಯಾರೋ ಬರೆದ ಸುಳ್ಳು ಉತ್ತರ ಹಾಕಿ ವೀಸಾ ಹೋದರೆ ಅದರ ದಾಖಲೆ ಉಳಿಯೋದು ಹುಡುಗನ ಹೆಸರಿನಲ್ಲಿ, ಕನ್ಸಲ್ಟೆನ್ಸಿಯ ಹೆಸರಿನಲ್ಲಿ ಅಲ್ಲ.

ಇನ್ನೊಂದು ನಿಯಮವನ್ನೂ ಮನೆಯವರಿಗೆ ಹೇಳಿದೆ, ‘ಹೋಗಿ ಅಲ್ಲಿ ಕಾಲೇಜು ಬದಲಾಯಿಸಿದರಾಯ್ತು’ ಅಂತ ಹುಡುಗನ ಮಾವ ಹೇಳುತ್ತಿದ್ದುದಕ್ಕೆ. ಡಿಪ್ಲೊಮಾ ಮತ್ತು ಡಿಗ್ರಿ ಎರಡನ್ನೂ ಕೂಡಿಸಿ ಒಂದೇ ವೀಸಾದಲ್ಲಿ ಹೋದರೆ, ಕೊನೆಯ ಕೋರ್ಸು, ಅಂದ್ರೆ ಡಿಗ್ರಿಯೇ, ಮುಖ್ಯ ಕೋರ್ಸು. ಅದರಲ್ಲಿ ಆರು ತಿಂಗಳು ಮುಗಿಯುವ ತನಕ ಬೇರೆ ಕಾಲೇಜಿಗೆ ಹೋಗೋಕೆ ಸಾಮಾನ್ಯವಾಗಿ ಈಗಿನ ಕಾಲೇಜಿನ ಒಪ್ಪಿಗೆ ಬೇಕು. ಡಿಗ್ರಿ ಮಟ್ಟದ ವೀಸಾ ತಗೊಂಡು ಹೋಗಿ ಅಗ್ಗದ ಡಿಪ್ಲೊಮಾಕ್ಕೆ ಇಳಿದರೆ ಬೇರೆ ವೀಸಾನೇ ಬೇಕಾಗುತ್ತದೆ. ಮಾವ ಆಮೇಲೆ ಆ ಮಾತು ಎತ್ತಲಿಲ್ಲ.

ಬ್ಯಾಂಕಿನಲ್ಲಿ

ಸೈಟು ಅಡ ಇಟ್ಟು ಸಾಲ ತೆಗೆಯುವ ಯೋಚನೆ ಇತ್ತು. ಸರ್ಕಾರಿ ಬ್ಯಾಂಕುಗಳಲ್ಲಿ ಸಾಮಾನ್ಯವಾಗಿ ಏಳೂವರೆ ಲಕ್ಷ ದಾಟಿದ ಶಿಕ್ಷಣ ಸಾಲಕ್ಕೆ ಆಸ್ತಿ ಅಡ ಕೇಳುತ್ತಾರೆ. 60 ಲಕ್ಷ ಸಾಲ, ಬಡ್ಡಿ 10 ಪರ್ಸೆಂಟ್ ಅಂತ ಹಿಡಿದರೂ ವರ್ಷಕ್ಕೆ 6 ಲಕ್ಷ ಬಡ್ಡಿಯೇ ಆಯಿತು. ಓದು ಮುಗಿಯುವ ತನಕ ಕಂತು ಇಲ್ಲದಿರಬಹುದು, ಬಡ್ಡಿ ಏರುವುದು ಮಾತ್ರ ನಿಲ್ಲಲ್ಲ.

ದುಡ್ಡು ಹೊರದೇಶಕ್ಕೆ ಕಳಿಸುವಾಗ ಬ್ಯಾಂಕು ಹಿಡಿಯುವ ಟಿಸಿಎಸ್ ಅನ್ನೋ ತೆರಿಗೆಯ ಬಗ್ಗೆ ಕನ್ಸಲ್ಟೆನ್ಸಿ ಬಾಯೇ ಬಿಟ್ಟಿರಲಿಲ್ಲ. 2024-25ರಲ್ಲಿ, ಸಾಲ ಇಲ್ಲದೆ ಸ್ವಂತ ದುಡ್ಡು ಓದಿಗೆ ಕಳಿಸಿದರೆ ವರ್ಷಕ್ಕೆ 7 ಲಕ್ಷದ ಮೇಲಿನ ಮೊತ್ತಕ್ಕೆ 5 ಪರ್ಸೆಂಟ್. ಯೂನಿವರ್ಸಿಟಿ ಕಾಲೇಜಿನ ದಾರಿಯಲ್ಲಿ ಮೊದಲ ವರ್ಷಕ್ಕೆ ಕಳಿಸಬೇಕಾದ್ದು 36 ಲಕ್ಷ 14 ಸಾವಿರ. ಅದರ ಮೇಲೆ ಟಿಸಿಎಸ್ ಸುಮಾರು 1 ಲಕ್ಷ 46 ಸಾವಿರ. ಬ್ಯಾಂಕ್ ಸಾಲದ ದುಡ್ಡಾಗಿದ್ದರೆ ಅರ್ಧ ಪರ್ಸೆಂಟ್ ಮಾತ್ರ, ಹದಿನಾಲ್ಕೂವರೆ ಸಾವಿರ. ರಿಟರ್ನ್ ಹಾಕಿದಾಗ ಇದು ತೆರಿಗೆಯಲ್ಲಿ ವಜಾ ಆಗುತ್ತದೆ ಅಥವಾ ವಾಪಸ್ ಬರುತ್ತದೆ, ಆದರೆ ಅವತ್ತು ಕೈಯಿಂದ ಹೋಗಲೇಬೇಕು. 2025ರ ಏಪ್ರಿಲ್ 1ರಿಂದ ಮಿತಿ 10 ಲಕ್ಷಕ್ಕೆ ಏರಿತು, ಮಾನ್ಯ ಸಂಸ್ಥೆಗಳ ಶಿಕ್ಷಣ ಸಾಲದ ದುಡ್ಡಿಗೆ ಟಿಸಿಎಸ್ಸೇ ಇಲ್ಲ ಅಂತಾಯಿತು.

ತೀರ್ಮಾನ

ನನ್ನ ಅಭಿಪ್ರಾಯ ಕೇಳಿದರು. ನೇರವಾಗಿ ಹೇಳಿದೆ. ಬಿಎಸ್‌ಬಿ ಕೋಡಿನ ಆಫರ್ ಬಿಡಬೇಕು, ಅದರಲ್ಲಿ ಎರಡು ಮಾತಿಲ್ಲ. ಯೂನಿವರ್ಸಿಟಿ ಕಾಲೇಜಿನ ಡಿಪ್ಲೊಮಾ ಒಳ್ಳೆಯದು, ಇವನಂಥ ಹುಡುಗನಿಗೆ ಸಣ್ಣ ಕ್ಲಾಸಿನಿಂದ ಅನುಕೂಲವೂ ಇದೆ. ಆದರೆ ಆ ದುಡ್ಡು ಈ ಮನೆಯಲ್ಲಿ ಇಲ್ಲ. ಸೈಟು ಅಡಕ್ಕೆ ಹೋಗಿ, ಮಗ ಮೊದಲ ವರ್ಷ ಒಂದು ಸಬ್ಜೆಕ್ಟಿನಲ್ಲಿ ಹಿಂದೆ ಬಿದ್ದರೂ ಸುಧಾರಿಸಿಕೊಳ್ಳೋಕೆ ಜಾಗ ಇರಲ್ಲ. ಬಿಕಾಂ ಇಲ್ಲೇ ಮಾಡಲಿ, ಇಂಗ್ಲಿಷ್ ಬರವಣಿಗೆ ಗಟ್ಟಿ ಮಾಡಿಕೊಳ್ಳಲಿ, ಯೂನಿಟ್ಟಿನ ಲೆಕ್ಕ ಅವನ ಕೈಗೆ ಬರಲಿ. ಆಮೇಲೂ ಆಸೆ ಇದ್ದರೆ ಮಾಸ್ಟರ್ಸ್‌ಗೆ ಹೋಗಲಿ. ಅಮ್ಮ ಅಲ್ಲಿಯ ತನಕ ಏನೂ ಮಾತಾಡಿರಲಿಲ್ಲ. “ಮೂರು ವರ್ಷ ಆದ್ರೆ ಅವ್ನಿಗೂ ಸ್ವಲ್ಪ ಬುದ್ಧಿ ಬರ್ತದ ಮೇಡಂ, ನಮಿಗೂ ಸ್ವಲ್ಪ ದುಡ್ಡು ಕೂಡ್ತದ” ಅಂದರು.

ಹುಡುಗನಿಗೆ ಬೇಸರ ಆಗಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ಗೆಳೆಯರಿಗೆಲ್ಲ ಹೇಳಿಕೊಂಡಿದ್ದ. ಕೆಲವು ದಿನ ಯೂನಿಟ್ಟಿನ ಕಡೆ ತಲೆ ಹಾಕಲಿಲ್ಲವಂತೆ.

ಅಡ್ವಾನ್ಸ್ ಕೊಟ್ಟ 50,000ದಲ್ಲಿ ಅರ್ಧ ವಾಪಸ್ ಬಂತು, ಅದೂ ಬಹಳ ಓಡಾಡಿದ ಮೇಲೆ. ಕಾಲೇಜಿಗೆ ಕಟ್ಟುವ ಫೀಸಿಗೆ ಆಸ್ಟ್ರೇಲಿಯಾದ ಕಾನೂನಿನ ರಕ್ಷಣೆ ಇದೆ. ವೀಸಾ ಸಿಗದಿದ್ದರೆ 500 ಡಾಲರ್ ಅಥವಾ 5 ಪರ್ಸೆಂಟ್, ಯಾವುದು ಕಮ್ಮಿಯೋ ಅಷ್ಟು ಹಿಡಿದು ಉಳಿದದ್ದನ್ನು ಕಾಲೇಜು ವಾಪಸ್ ಕೊಡಬೇಕು. ಇಲ್ಲಿಯ ಕನ್ಸಲ್ಟೆನ್ಸಿಗೆ ಕೊಟ್ಟ ದುಡ್ಡಿಗೆ ಆ ರಕ್ಷಣೆ ಇಲ್ಲ. ಏಜೆಂಟರಿಗೆ ಕಮಿಷನ್ ಸಾಮಾನ್ಯವಾಗಿ ಕಾಲೇಜೇ ಕೊಡುತ್ತದೆ. ತನ್ನ ಪರವಾಗಿ ಕೆಲಸ ಮಾಡುವ ಏಜೆಂಟರು ಯಾರು ಅಂತ ಪ್ರತಿ ಕಾಲೇಜೂ ತನ್ನ ವೆಬ್‌ಸೈಟಿನಲ್ಲಿ ಹಾಕಬೇಕು ಅನ್ನೋ ನಿಯಮವೂ ಇದೆ. ವಿದೇಶಿ ವಿದ್ಯಾರ್ಥಿಗಳಿಗೆ ನಡೆಸುವ ಪ್ರತಿ ಕೋರ್ಸಿಗೂ ಕ್ರೈಕೋಸ್ ಅನ್ನೋ ಸರ್ಕಾರಿ ಪಟ್ಟಿಯಲ್ಲಿ ಒಂದು ಕೋಡು ಇರುತ್ತದೆ, ಯಾರು ಬೇಕಾದರೂ ಮೊಬೈಲಿನಲ್ಲೇ ಹುಡುಕಬಹುದು. ಡಿಪ್ಲೊಮಾಕ್ಕೆ ಒಂದು ಸಾಲು, ಅದರ ಮುಂದಿನ ಡಿಗ್ರಿಗೆ ಇನ್ನೊಂದು ಸಾಲು, ಎರಡಕ್ಕೂ ಕೋಡು, ಎರಡನೇ ವರ್ಷಕ್ಕೆ ಸೇರಲು ಬೇಕಾದ ಸರಾಸರಿ. ಇವು ಒಂದೇ ಆಫರ್ ಲೆಟರ್‌ನಲ್ಲಿ ಇದ್ದರೆ ಅದು ನಿಜವಾದ ಪಾಥ್‌ವೇ. ಈಗ ನನ್ನ ಹತ್ತಿರ ಬರುವ ಎಲ್ಲ ತಂದೆ-ತಾಯಿಗೂ ಮೊದಲು ಇದನ್ನೇ ಹುಡುಕಲು ಹೇಳುತ್ತೇನೆ.

ಆಮೇಲೆ

ಹುಡುಗ ಪರೀಕ್ಷೆ-2 ಬರೆದಿದ್ದ. 2024ರಿಂದ ಪಿಯುಸಿಗೆ ಮೂರು ಪರೀಕ್ಷೆ ಬಂದಿವೆ, ಯಾವುದರಲ್ಲಿ ಜಾಸ್ತಿ ಬರುತ್ತದೋ ಅದೇ ಉಳಿಯುತ್ತದೆ. ಅಕೌಂಟೆನ್ಸಿ 54ರಿಂದ 71ಕ್ಕೆ ಬಂತು. ಬಳ್ಳಾರಿಯಲ್ಲೇ, ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ಕೆಳಗಿನ ಒಂದು ಕಾಲೇಜಿನಲ್ಲಿ ಬಿಕಾಂ ಸೇರಿದ. ಆ ವರ್ಷವೇ ರಾಜ್ಯ ಸರ್ಕಾರ ನಾಲ್ಕು ವರ್ಷದ ಡಿಗ್ರಿ ಬಿಟ್ಟು ಮತ್ತೆ ಮೂರು ವರ್ಷಕ್ಕೆ ಬಂದಿತ್ತು, ಹಾಗಾಗಿ 2027ಕ್ಕೆ ಓದು ಮುಗಿಯಬೇಕು. ಬಿಕಾಂನಲ್ಲಿ 55 ಪರ್ಸೆಂಟ್ ಬಂದರೆ ಸಿಎ ಓದಿನ ಮೊದಲ ಹಂತ ಫೌಂಡೇಶನ್ ಬರೆಯದೆ ಸೀದಾ ಇಂಟರ್‌ಮೀಡಿಯೆಟ್‌ಗೆ ಹೋಗಬಹುದು ಅನ್ನೋದನ್ನೂ ಅವನ ಕಿವಿಗೆ ಹಾಕಿದ್ದೇನೆ. ಲೆಕ್ಕದ ಕೈ ಇರುವವನು, ಆ ಬಾಗಿಲೂ ತೆರೆದಿರಲಿ.

ಅವನಿಗೆ ಒಂದು ಕೆಲಸ ವಹಿಸಿದ್ದೆ, ಚೆನ್ನಾಗಿ ಮಾಡುತ್ತಿದ್ದಾನೆ. ಪ್ರತಿ ಸೆಮಿಸ್ಟರ್ ಮುಗಿದ ಮೇಲೆ ಅಂಕಪಟ್ಟಿಯ ಜೊತೆ ಪ್ರತಿ ಸಬ್ಜೆಕ್ಟಿನ ಪೂರ್ತಿ ಸಿಲಬಸ್ಸನ್ನೂ ಕಾಲೇಜಿನ ಸೀಲು ಹಾಕಿಸಿ ಫೈಲಿನಲ್ಲಿ ಇಡುತ್ತಾನೆ. ವಿದೇಶದ ಯೂನಿವರ್ಸಿಟಿಗಳು ನಮ್ಮ ಬಿಕಾಂ ಸಬ್ಜೆಕ್ಟಿಗೂ ಮಾಫಿ ಕೊಡುತ್ತವೆ, ಆದರೆ ಸಬ್ಜೆಕ್ಟಿನ ಹೆಸರು ನೋಡಿ ಅಲ್ಲ, ಒಳಗೆ ಏನು ಓದಿದ್ದಾರೆ ಅಂತ ನೋಡಿ. ವರ್ಷಗಳು ಕಳೆದ ಮೇಲೆ ಹಳೆಯ ಸಿಲಬಸ್ ಹುಡುಕೋಕೆ ಹೋದವರ ಪಾಡು ನಾನು ನೋಡಿದ್ದೇನೆ. ಅಲ್ಲಿ ಓದಿ ವಾಪಸ್ ಬಂದು ಇಲ್ಲಿ ಮುಂದೆ ಓದಬೇಕಾದರೆ ಅಲ್ಲಿಯ ಡಿಗ್ರಿ ಇಲ್ಲಿಯದಕ್ಕೆ ಸಮ ಅನ್ನೋ ಸಮಾನತೆ ಪತ್ರ ಬೇಕಾಗಬಹುದು, 2025ರ ಏಪ್ರಿಲ್‌ನಲ್ಲಿ ಯುಜಿಸಿ ಅದಕ್ಕೆ ಹೊಸ ನಿಯಮ ತಂದಿದೆ.

ಸಂಜೆ ಯೂನಿಟ್ಟಿನ ಜಾಬ್ ವರ್ಕ್ ಬಿಲ್ಲು, ಜಿಎಸ್‌ಟಿ ಲೆಕ್ಕ ಈಗ ಅವನದೇ. ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆ ಈಗಲೇ ಬರೆದುಬಿಡಲಾ ಅಂತ ಮೊನ್ನೆ ಕೇಳಿದ. ಬೇಡ ಅಂದೆ. ಆ ಅಂಕ ಎರಡು ವರ್ಷ ಮಾತ್ರ ನಡೆಯುತ್ತದೆ. ಐದನೇ ಸೆಮಿಸ್ಟರ್ ಮುಗಿದ ಮೇಲೆ ಬರೆಯೋಣ ಅಂತ ಆಗಿದೆ.